ಶಿರೋಕಾ ಲಾಕಾದಲ್ಲಿ ಬೇಡ ಅನ್ನೋದು ಹೇಗೆ?

ಬಲ್ಗೇರಿಯದ ದಕ್ಷಿಣಕ್ಕೆ, ರೊಡೊಪಿ ಬೆಟ್ಟಸಾಲಿನಲ್ಲಿ ಶಿರೋಕಾ ಲಾಕಾ ಎಂಬ ಹಳ್ಳಿಯಿದೆ. ಅಲ್ಲಿ ಊಟಕ್ಕೆ ಕೂತ ಅತಿಥಿಯ ಮೊದಲ ಎಡವಟ್ಟು ಕತ್ತಿನಿಂದಲೇ ಶುರು. ಆ ದೇಶದವರು ಹೌದು ಅನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ; ಇಲ್ಲ ಅನ್ನಲು ಗಲ್ಲವನ್ನು ಮೇಲಕ್ಕೆ ಎಸೆಯುತ್ತಾರೆ, ಜೊತೆಗೆ ನಾಲಿಗೆಯಲ್ಲೊಂದು ‘ಚ್’. ಸಾಕು ಸಾಕು ಅಂತ ತಲೆಯಾಡಿಸಿದಷ್ಟೂ ತಟ್ಟೆ ತುಂಬುತ್ತದೆ. ಹೌದೂ ಅಲ್ಲದ, ಇಲ್ಲವೂ ಅಲ್ಲದ ನಮ್ಮವರ ತಲೆದೂಗಾಟವಂತೂ ಅಲ್ಲಿ ಒಪ್ಪಿಗೆ ಪತ್ರ. ಇನ್ನು ಕೆಲವರು ಪರದೇಶದವರ ಮೇಲೆ ಕನಿಕರಪಟ್ಟು ಅವರ ಮುಂದೆ ಮಾತ್ರ ಉಲ್ಟಾ ಆಡಿಸುತ್ತಾರೆ. ಆಗ ದೇವರೇ ಗತಿ. ಕಿವಿಯನ್ನು ನಂಬಿ: ‘ದಾ’ ಅಂದರೆ ಹೌದು, ‘ನೆ’ ಅಂದರೆ ಇಲ್ಲ.

ತಟ್ಟೆಗೆ ಬೀಳುವುದು ಪತಾತ್ನಿಕ್, ಬಾಣಲೆಯಲ್ಲಿ ಬೇಯಿಸಿದ ಆಲೂಗಡ್ಡೆಯ ದಪ್ಪ ಬಿಲ್ಲೆ. ಒಂದು ಕಿಲೊ ಆಲೂಗಡ್ಡೆ, ದಪ್ಪ ಈರುಳ್ಳಿ ಒಂದು, 200 ಗ್ರಾಂ ಸಿರೆನೆ, ಒಂದೆರಡು ಮೊಟ್ಟೆ, ಪುದೀನದ ಬಳಗದ ‘ಜೋಜೆನ್’ ಸೊಪ್ಪು. ಸಿರೆನೆ ಎಂದರೆ ಉಪ್ಪುನೀರಿನಲ್ಲಿ ಇಟ್ಟು ಹದಗೊಳಿಸಿದ ಬಿಳಿ ಚೀಸ್; ಬದಲಿಗೆ ಪನೀರ್ ಹಾಕಿದರೆ ಸಪ್ಪೆ. ಹಸಿ ಆಲೂಗಡ್ಡೆಯನ್ನು ತುರಿದು, ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಬಾಣಲೆಯಲ್ಲಿ ಸಿಗುವುದು ಬೇಯುತ್ತಿರುವ ಅಂಟು. ಉಪ್ಪನ್ನು ಮೊದಲೇ ಬೆರೆಸಿ ಫೋನ್ ಎತ್ತಲು ಹೋದರೂ ಅದೇ ಗತಿ: ಉಪ್ಪು ನೀರನ್ನೆಲ್ಲ ಹೊರಗೆಳೆಯುತ್ತದೆ. ಸಿರೆನೆಯಲ್ಲೇ ಉಪ್ಪಿದೆ, ರುಚಿ ನೋಡಿ ಆಮೇಲೆ ಹಾಕಿ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಒಂದೊಂದು ಬದಿಗೆ ಸುಮಾರು 20 ನಿಮಿಷ. ಉರಿ ಜೋರಾದರೆ ಹೊರಗೆ ಕರಕಲು, ಒಳಗೆ ಹಸಿ. ಮಗುಚುವುದು ನಿಜವಾದ ಪರೀಕ್ಷೆ. ದೋಸೆ ಮಗುಚಿದ ಕೈಚಳಕ ಇಲ್ಲಿ ನಡೆಯದು, ಸಟ್ಟುಗ ತೂರಿಸಿದರೆ ನಾಲ್ಕು ಹೋಳು. ಬಾಣಲೆ ಅಲುಗಿಸಿದಾಗ ಇಡೀ ಬಿಲ್ಲೆ ಜಾರಬೇಕು. ಜಾರಿದ ಮೇಲೆ ಅಗಲ ತಟ್ಟೆ ಕವುಚಿ, ಎರಡನ್ನೂ ಒತ್ತಿ ಹಿಡಿದು ಒಂದೇ ಏಟಿಗೆ ತಿರುಗಿಸಿ. ಅರ್ಧಕ್ಕೆ ನಿಲ್ಲಿಸಿದವರು ಒಲೆ ಒರೆಸುತ್ತಾರೆ.

ಊರಿನ ಹಳೆಯ ಮನೆಗಳ ಕೆಳಗಿನ ಅಂತಸ್ತು ಕಲ್ಲಿನದು, ದನಕುರಿಗೂ ದಾಸ್ತಾನಿಗೂ. ಜನರ ವಾಸ ಮೇಲೆ. 1834ರ ಚರ್ಚನ್ನು 38 ದಿನಗಳಲ್ಲಿ ಕಟ್ಟಿದರು ಎನ್ನುತ್ತಾರೆ. ಮನೆಗೊಂದು ಕಾಂಪೌಂಡ್ ಕಟ್ಟಿಸಿದ ಅನುಭವ ಇರುವವರಿಗೆ ಇದನ್ನು ನಂಬುವುದು ಕಷ್ಟ.

ಮಾರ್ಚ್‌ನ ಮೊದಲ ಭಾನುವಾರ ಕೂಕೆರಿ ವೇಷಗಳು ಬೀದಿಗಿಳಿಯುತ್ತವೆ: ಮೈಗೆ ತುಪ್ಪಳ, ಮುಖವಾಡ, ಸೊಂಟಕ್ಕೆ ದೊಡ್ಡ ದೊಡ್ಡ ಗಂಟೆಗಳ ಪಟ್ಟಿ. ಉದ್ದೇಶ ಕೆಟ್ಟದ್ದನ್ನು ಓಡಿಸುವುದು. ಹಬ್ಬದ ಹೆಸರು ಪೆಸ್ಪೊನೆದೆಲ್ನಿಕ್. ಹೆಸರಿನಲ್ಲಿ ಸೋಮವಾರ ಇದೆಯೆಂದು ಸೋಮವಾರ ಹೋದರೆ ಖಾಲಿ ಬೀದಿ ನೋಡಿ ಬರಬಹುದು. ಗಂಟೆ ಕಟ್ಟಿದವರು ಸುಮ್ಮನೆ ನಡೆದರೆ ಸದ್ದು ಅಸ್ತವ್ಯಸ್ತ, ಮೊಣಕಾಲು ಮಡಚಿ ಒಂದೇ ಲಯದಲ್ಲಿ ಕುಪ್ಪಳಿಸಬೇಕು. ಪಟ್ಟಿ ಸಡಿಲವಾದರೆ ಗಂಟೆ ತೊಡೆಗೆ ಬಡಿಯುತ್ತದೆ. ಓಡಿಹೋಗುವುದು ದೆವ್ವವೋ ಕುಣಿಯುವವನೋ ಎಂಬ ಅನುಮಾನ ಆಗ ಸಹಜ.

ಸಂಗೀತಕ್ಕೆ ಕಾಬಾ ಗೈದಾ, ಮೇಕೆ ಚರ್ಮದ ಚೀಲಕ್ಕೆ ಕೊಳವೆಗಳನ್ನು ಕಟ್ಟಿದ ವಾದ್ಯ. ಒಂದು ಕೊಳವೆಯಲ್ಲಿ ಊದುವುದು, ಇನ್ನೊಂದರಲ್ಲಿ ರಾಗ, ಉದ್ದನೆಯ ಮೂರನೆಯದರಲ್ಲಿ ನಿಲ್ಲದ ಶ್ರುತಿ. ಊದುಕೊಳವೆಯ ಒಳಗಿನ ಚರ್ಮದ ಮುಚ್ಚಳಿಕೆ ಒಣಗಿ ಸೆಟೆದರೆ ಗಾಳಿ ವಾದಕನ ಬಾಯಿಗೇ ವಾಪಸು. ಎಲ್ಲ ಸರಿಯಿದ್ದರೆ, ಅವನು ಬಾಯಿ ತೆಗೆದು ಉಸಿರೆಳೆದುಕೊಂಡರೂ ಕಂಕುಳಲ್ಲಿ ಒತ್ತಿದ ಚೀಲ ಹಾಡುತ್ತಲೇ ಇರುತ್ತದೆ. ಆದ್ದರಿಂದ ಬಾಯಿ ನೋಡಿ ಚಪ್ಪಾಳೆ ತಟ್ಟಬೇಡಿ, ಚೀಲ ಜೋತುಬೀಳುವ ತನಕ ಕಾಯಿರಿ.