ಹಳೆ ಜೆಟ್ ಪಂಪ್ ಬಿಚ್ಚಲು ಸುತ್ತಿಗೆ ಎತ್ತಬೇಡಿ

ಎರಡು ವಾರದಿಂದ ನಮ್ಮ ಕಾಫಿ ಕಣದ ಪಕ್ಕದ ಶೆಡ್‌ನಲ್ಲಿ ಒಂದು ಫೈಬರ್ ಬೋಟು ನಿಂತಿದೆ. ಅದರ ಹಿಂದೆ ಪ್ರೊಪೆಲರ್ ಇಲ್ಲ, ಜೆಟ್ ಪಂಪ್ ಇದೆ, ಅಂದರೆ ತಳದಿಂದ ನೀರು ಎಳೆದು ಹಿಂದಕ್ಕೆ ಚಿಮ್ಮಿಸಿ ಬೋಟನ್ನು ಮುಂದೆ ತಳ್ಳುವ ಪಂಪ್. ನಾವು ಐದು ಜನ ಗೆಳೆಯರು ಸೇರಿ ಕರಾವಳಿ ಕಡೆಯಿಂದ ತಂದ ಹಳೆ ಬೋಟು ಅದು. ಮೊನ್ನೆ ಭಾನುವಾರ ಆ ಪಂಪನ್ನು ಪೂರ್ತಿ ಹೊರಗೆ ತೆಗೆದೆವು.

ಕೊಡಗಿನಲ್ಲಿ ಬೋಟು ಯಾಕೆ ಅಂತ ಕೇಳುವವರು 2019ರ ಆಗಸ್ಟ್ ನೆನಪಿಸಿಕೊಳ್ಳಿ. ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿತು. ಕರಡಿಗೋಡಿನಲ್ಲಿ ಹೊಳೆ ದಡದ ಮನೆಗಳು ಮುಳುಗಿದವು. ಅದರ ಹಿಂದಿನ ವರ್ಷವಷ್ಟೇ ಗುಡ್ಡ ಕುಸಿದು ಜನ ಊರು ಬಿಟ್ಟಿದ್ದರು. ಪ್ರವಾಹದಲ್ಲಿ ನಾವೇ ಬೋಟು ಇಳಿಸಿಕೊಂಡು ಹೋಗುವ ಯೋಚನೆ ಇಲ್ಲ, ಅದು ತರಬೇತಿ ಇರುವವರ ಕೆಲಸ. ಆದರೆ ಅವರು ಕೇಳಿದ ದಿನ ಕೊಡಲು ಊರಿನಲ್ಲಿ ಒಂದು ಬೋಟು ಸರಿಯಾಗಿ ಇರಬೇಕು ಅನ್ನುವುದು ನಮ್ಮ ಆಸೆ.

ತಂದ ಮೇಲೆ ಓಡಿಸಿ ನೋಡಿದರೆ ಎಂಜಿನ್ ಕೂಗುತ್ತದೆ, ಬೋಟು ಮುಂದೆ ಹೋಗುವುದಿಲ್ಲ. ತೋರಿಸಿದ ಮೊದಲ ವರ್ಕ್‌ಶಾಪಿನವರು ಎರಡು ಬೋಲ್ಟಿಗೆ ಸುತ್ತಿಗೆಯಲ್ಲಿ ಹೊಡೆದು ಅಲ್ಯೂಮಿನಿಯಂ ಬಾಡಿಯಲ್ಲಿ ಬೋಲ್ಟ್ ಕೂರುವ ಒಂದು ಕಿವಿ ಮುರಿದರು. ಆಮೇಲೆ, 'ಇದು ಗುಜರಿ, ಕಿತ್ತು ಹಾಕಿ ಔಟ್‌ಬೋರ್ಡ್ (ಹಿಂದೆ ಹೊರಗಡೆ ಸಿಕ್ಕಿಸುವ ಪ್ರೊಪೆಲರ್ ಎಂಜಿನ್) ಕೂರಿಸಿ' ಅಂದರು. ಆ ಮಾತು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಬೋಲ್ಟ್ ಯಾವ ಅಂಗಡಿಯಲ್ಲೂ ಸಿಗುತ್ತದೆ. ಆ ಹಳೆ ಬಾಡಿ ಎಲ್ಲಿಂದ ತರುವುದು?

ಜೆಟ್ ಪಂಪ್ ಹುಟ್ಟಿದ್ದೇ ನಮ್ಮ ಹೊಳೆಯಂಥ ಹೊಳೆಗೆ. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ 1950ರ ದಶಕದಲ್ಲಿ ಇದನ್ನು ಬೆಳೆಸಿದ್ದು ಅಲ್ಲಿನ ಕಲ್ಲು ತುಂಬಿದ, ಆಳವಿಲ್ಲದ ನದಿಗಳಲ್ಲಿ ಓಡಾಡಲು. 1977ರಲ್ಲಿ ಎಡ್ಮಂಡ್ ಹಿಲರಿ ಬಂಗಾಳ ಕೊಲ್ಲಿಯಿಂದ ಗಂಗೆಯಲ್ಲಿ ಮೇಲಕ್ಕೆ ನಂದಪ್ರಯಾಗದ ತನಕ ಹೋದದ್ದೂ ಜೆಟ್ ಬೋಟಿನಲ್ಲೇ. ದುಬಾರೆ ಹತ್ತಿರ ಬೇಸಿಗೆಯಲ್ಲಿ ಹೊಳೆ ನೋಡಿದವರಿಗೆ ಗೊತ್ತು, ನೀರಿನಡಿ ಎಷ್ಟು ಬಂಡೆ ಇದೆ ಅಂತ. ಪ್ರವಾಹ ಬಂದರೆ ತೋಟದ ಮುಳ್ಳುತಂತಿಯೂ ನೀರಿನಡಿ ಇರುತ್ತದೆ. ಎಲ್ಲಕ್ಕಿಂತ ದೊಡ್ಡದು, ನೀರಿನಲ್ಲಿರುವ ಮನುಷ್ಯನ ಕಾಲಿಗೆ ತಿರುಗುವ ರೆಕ್ಕೆ ತಾಗಬಾರದು; ಜೆಟ್ಟಿನಲ್ಲಿ ಆ ರೆಕ್ಕೆ ಪಂಪಿನ ಒಳಗಿರುತ್ತದೆ. ಜೆಟ್ಟಿಗೂ ತೊಂದರೆ ಇದೆ. ಸೊಪ್ಪು, ಪ್ಲಾಸ್ಟಿಕ್ ಬಂದು ಕೆಳಗಿನ ಜಾಲರಿಗೆ ಕಟ್ಟಿಕೊಂಡರೆ ಬೋಟು ನಿಂತೇ ಬಿಡುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಸ್ಟೇರಿಂಗೂ ಕೇಳುವುದಿಲ್ಲ, ಯಾಕೆಂದರೆ ಬೋಟು ತಿರುಗುವುದೇ ಹಿಂದೆ ಚಿಮ್ಮುವ ನೀರಿನಿಂದ. ಇಷ್ಟಾದರೂ ನನ್ನ ಮಟ್ಟಿಗೆ ನಮ್ಮ ಹೊಳೆಗೆ ಇದೇ ಸರಿ.

ಕೊನೆಗೆ ಕೈ ಹಾಕಿದ್ದು ತೋಟಗಳ ಸ್ಪ್ರಿಂಕ್ಲರ್ ಪಂಪ್‌ಸೆಟ್ ರಿಪೇರಿ ಮಾಡುವ ನಮ್ಮೂರ ಅಣ್ಣ. ಕಾಫಿ ಹೂ ಅರಳಲು ತೋಟಕ್ಕೆ ನೀರು ಕೊಡುವ ಕಾಲ ಮುಗಿಯಲಿ ಅಂತ ಕಾದೆವು. ಅವರು ಬೋಟಿನ ಕೆಲಸ ಹಿಂದೆ ಮಾಡಿದವರಲ್ಲ. ಬಂದು ನೋಡಿ, 'ಇದೂ ಇಂಪೆಲರ್ (ನೀರು ತಳ್ಳುವ ತಿರುಗು ರೆಕ್ಕೆ), ಶಾಫ್ಟ್, ಬೇರಿಂಗ್ ಅಲ್ವಾ? ಬಿಚ್ಚುವಾ. ಆದರೆ ಅವಸರ ಮಾಡಬಾರದು' ಅಂದರು.

ಮೊದಲು ಬ್ಯಾಟರಿ ತೆಗೆದರು. ಪೆಟ್ರೋಲ್ ಟ್ಯಾಂಕ್ ಇಳಿಸಿ ಶೆಡ್‌ನಿಂದ ದೂರ ಇಟ್ಟರು. ಒಂದು ದಿನ ಬೋಟನ್ನು ಗಾಳಿಗೆ ಬಿಟ್ಟೆವು. ಸ್ಟೇರಿಂಗ್ ಕೇಬಲ್, ಬೋಟು ಹಿಂದೆ ಬರಲು ಚಿಮ್ಮುವ ನೀರನ್ನು ಮುಂದಕ್ಕೆ ತಿರುಗಿಸುವ ರಿವರ್ಸ್ ಬಕೆಟಿನ ಕೇಬಲ್, ಎಂಜಿನ್ ತಂಪು ಮಾಡುವ ನೀರಿನ ಪೈಪು, ಶಾಫ್ಟಿನ ಜಾಯಿಂಟು ಬೇಗ ಬಂದವು. ಬಿಚ್ಚುವ ಮೊದಲು ನಾನು ಪ್ರತಿಯೊಂದರ ಫೋಟೋ ತೆಗೆದೆ.

ಕಷ್ಟ ಶುರುವಾದದ್ದು ಹಿಂದಿನ ಬೋಲ್ಟುಗಳಲ್ಲಿ. ಸ್ಟೀಲ್ ಬೋಲ್ಟು, ಅಲ್ಯೂಮಿನಿಯಂ ಬಾಡಿ, ನಡುವೆ ವರ್ಷಗಟ್ಟಲೆ ಉಪ್ಪುನೀರು. ಎರಡು ಲೋಹ ಸೇರಿ ಒಂದು ಸಣ್ಣ ಬ್ಯಾಟರಿ ಆದ ಹಾಗೆ ಆಗುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಬಿಳಿ ಪುಡಿ ಥ್ರೆಡ್ಡಿನ ಸಂದಿಯಲ್ಲಿ ಸಿಮೆಂಟಿನಂತೆ ಕೂತಿತ್ತು. ಮೂರು ದಿನ ಬೆಳಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕಿದೆವು. ನಾಲ್ಕನೇ ದಿನ ಫೈಬರ್ ಸುಡಬಾರದು ಅಂತ ಒದ್ದೆ ಗೋಣಿಚೀಲ ಹೊದಿಸಿ, ಅಣ್ಣ ಬೋಲ್ಟಿನ ಸುತ್ತಲಿನ ಬಾಡಿಯನ್ನು ಬಿಸಿ ಮಾಡಿದರು. ಬೋಲ್ಟನ್ನಲ್ಲ, ಬಾಡಿಯನ್ನು. ಅಲ್ಯೂಮಿನಿಯಂ ಸ್ಟೀಲಿಗಿಂತ ಜಾಸ್ತಿ ಹಿಗ್ಗುವುದರಿಂದ ತೂತು ಸ್ವಲ್ಪ ಅಗಲವಾಗುತ್ತದೆ. ಆಮೇಲೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ನಂತರ ಸಡಿಲ ಮಾಡುವುದು. ಮತ್ತೆ ಬಿಗಿ, ಮತ್ತೆ ಸಡಿಲ. ಮೊದಲ ಬೋಲ್ಟು ಕಿರ್ ಅಂತ ಸದ್ದು ಮಾಡಿ ತಿರುಗಿದಾಗ ಶೆಡ್‌ನಲ್ಲಿದ್ದ ನಾವೆಲ್ಲ ಕೂಗಿಬಿಟ್ಟೆವು. ಅವತ್ತು ಸಂಜೆ ತನಕ ಬಂದದ್ದು ನಾಲ್ಕೇ. ಸಾಕು ಅಂತ ಅಣ್ಣ ಕೈ ತೊಳೆದರು.

ಬೋಟಿನ ತಳಕ್ಕೆ ಅಂಟಿಕೊಂಡ ಭಾಗ ಇನ್ನೊಂದು ಹಟ. ಬೋಲ್ಟ್ ಎಲ್ಲ ತೆಗೆದರೂ ನೀರು ಒಳಗೆ ಬಾರದಂತೆ ಹಚ್ಚಿದ ಹಳೆ ಅಂಟು, ಅಂದರೆ ಸೀಲಂಟ್, ಬಿಡಲಿಲ್ಲ. ಕಬ್ಬಿಣದ ಸನ್ನೆ ಹಾಕಿದ್ದರೆ ಫೈಬರ್ ಸೀಳುತ್ತಿತ್ತು. ತೆಳು ಸ್ಟೀಲ್ ತಂತಿಯ ಎರಡು ತುದಿಗೆ ಕೋಲು ಕಟ್ಟಿ, ಇಬ್ಬರು ಆಚೆ ಈಚೆ ಎಳೆಯುತ್ತಾ ಸೀಲಂಟ್ ಕತ್ತರಿಸಿದೆವು. ಬಿಡಿಸಿಕೊಂಡ ಕಡೆಯೆಲ್ಲ ಮರದ ಬೆಣೆ ಇಟ್ಟೆವು.

ಪಂಪ್ ಹೊರಬಂದ ಮೇಲೆ ರೋಗ ಕಣ್ಣಿಗೇ ಕಂಡಿತು. ಇಂಪೆಲರಿನ ಅಂಚು ಮರಳು ತಿಂದು ದುಂಡಗಾಗಿದೆ. ಅದರ ಸುತ್ತಲಿನ ರಿಂಗಿನಲ್ಲಿ ಆಳ ಗೀರು. ಇವೆರಡರ ನಡುವಿನ ಸಂದಿ ಕೂದಲೆಳೆ ಲೆಕ್ಕದಲ್ಲಿರಬೇಕು, ಇಲ್ಲಿ ಉಗುರೇ ಹೋಗುತ್ತಿತ್ತು. ಎಳೆದ ನೀರು ಆ ಸಂದಿಯಿಂದ ಹಿಂದಕ್ಕೇ ಜಾರಿದರೆ ಎಂಜಿನ್ ಎಷ್ಟು ಕೂಗಿ ಏನು ಪ್ರಯೋಜನ? ಗುಜರಿ ಅಂದರಲ್ಲ, ಆ ಪಂಪಿನಲ್ಲಿ ಕೆಟ್ಟಿದ್ದು ರಿಂಗು, ಇಂಪೆಲರಿನ ಅಂಚು ಮತ್ತು ಒಂದು ಬೇರಿಂಗ್. ಶಾಫ್ಟ್ ನೆಟ್ಟಗಿದೆ. ಮುರಿದ ಕಿವಿ ಮಾತ್ರ ಮನುಷ್ಯರು ಮಾಡಿದ್ದು.

ನಿಮ್ಮ ಹತ್ತಿರ ಇಂಥ ಹಳೆ ಬೋಟು ಇದ್ದರೆ, ಬಿಚ್ಚಲು ಬರುವವರಿಗೆ 'ಎಷ್ಟು ಹೊತ್ತಲ್ಲಿ ಆಗುತ್ತೆ' ಅಂತ ದಯವಿಟ್ಟು ಕೇಳಬೇಡಿ. ಎಣ್ಣೆ ಹಾಕಿ ಕಾಯುವ ದಿನಕ್ಕೂ ಕೂಲಿ ಕೊಡಿ. ನಾವು ಕೊಟ್ಟೆವು.

ಕಿವಿಗೆ ಅಲ್ಯೂಮಿನಿಯಂ ವೆಲ್ಡಿಂಗ್ ಮಾಡಿಸಲು ಬಾಡಿ ನಾಳೆ ಮೈಸೂರಿಗೆ ಹೋಗುತ್ತದೆ. ರಿಂಗು ಲೇತಿಗೆ. ವಾಪಸ್ ಕೂರಿಸುವಾಗ ಪ್ರತಿ ಬೋಲ್ಟಿಗೂ ಅದು ಮತ್ತೆ ಕಚ್ಚಿಕೊಳ್ಳದಂತೆ ಆಂಟಿ ಸೀಜ್ ಪೇಸ್ಟ್ ಹಚ್ಚಬೇಕು ಅಂತ ಅಣ್ಣ ಈಗಲೇ ಡಬ್ಬಿ ತರಿಸಿ ಇಟ್ಟಿದ್ದಾರೆ. ಮುಂದೆ ಇದನ್ನು ಬಿಚ್ಚುವವರಿಗೆ ಕಷ್ಟ ಆಗಬಾರದಂತೆ.