ಎತ್ತಿನ ಗಾಡಿಗೊಂದು ಸರ್ಕಾರಿ ನೌಕರಿ

ಪೆಟ್ರೋಲ್ ಬೆಲೆ ಏರಿದಾಗ ವಿರೋಧ ಪಕ್ಷದವರು ಹತ್ತಿ ಪ್ರತಿಭಟಿಸೋಕೆ ಅಂತ ವಿಧಾನಸೌಧದ ಆವರಣದಲ್ಲಿ ಒಂದು ಎತ್ತಿನ ಗಾಡಿಯನ್ನು ಕಾಯಂ ಆಗಿ ನಿಲ್ಲಿಸಬೇಕು ಅನ್ನೋದು ನನ್ನ ಮನವಿ. ಸರ್ಕಾರದ್ದೇ ಗಾಡಿ, ಸರ್ಕಾರದ್ದೇ ಎತ್ತು. ಪ್ರಮಾಣವಚನದ ದಿನ ಗೆದ್ದವರಿಗೆ ಕಾರಿನ ಕೀಲಿ ಕೊಡುವಾಗಲೇ ಸೋತವರ ಕೈಗೆ ಬಾರುಕೋಲು ಕೊಟ್ಟುಬಿಟ್ಟರೆ ಕೆಲಸ ಮುಗೀತು.

ಇದು ತಮಾಷೆ ಅಲ್ಲ, ಇದಕ್ಕೊಂದು ಪರಂಪರೆ ಇದೆ. 1973ರಲ್ಲಿ ವಾಜಪೇಯಿಯವರು ಪೆಟ್ರೋಲ್ ಬೆಲೆ ಏರಿಕೆ ವಿರೋಧಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋಗಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಆಗ ವಿರೋಧ ಪಕ್ಷದಲ್ಲಿದ್ದ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಬೆಲೆ ಏರಿಕೆ ವಿರೋಧಿಸಿ ಎತ್ತಿನ ಗಾಡಿ ಹತ್ತಿ ವಿಧಾನಸೌಧಕ್ಕೆ ಬಂದರು. 2024ರ ಜೂನ್‌ನಲ್ಲಿ, ಲೋಕಸಭೆ ಫಲಿತಾಂಶ ಬಂದು ಎರಡು ವಾರ ಕಳೆಯುವ ಮೊದಲೇ, ಅದೇ ಸಿದ್ದರಾಮಯ್ಯನವರ ಸರ್ಕಾರ ತೆರಿಗೆ ಏರಿಸಿತು. ಪೆಟ್ರೋಲ್, ಡೀಸೆಲ್ ಎರಡೂ ಲೀಟರಿಗೆ ಮೂರು ರೂಪಾಯಿ ಜಾಸ್ತಿ. ಆಗ ಬೀದಿಗಿಳಿಯುವ ಸರದಿ ಬಿಜೆಪಿಯವರದ್ದು. ಪುಣ್ಯಕ್ಕೆ ಎತ್ತಿಗೆ ಪಕ್ಷಾಂತರ ನಿಷೇಧ ಕಾಯ್ದೆ ಅನ್ವಯಿಸೋದಿಲ್ಲ.

(ಅಂದ ಹಾಗೆ, ಬೆಂಗಳೂರಿನ ಪ್ರತಿಭಟನೆಗೆ ಎತ್ತುಗಳು ಊರಿಂದ ಯಾವುದರಲ್ಲಿ ಬರುತ್ತವೆ? ಡೀಸೆಲ್ ಟೆಂಪೋದಲ್ಲಿ ತಾನೇ.)

ಏರಿಸಿದ್ದಕ್ಕೆ ಸಿಕ್ಕ ಸಮಾಧಾನ ಏನು ಗೊತ್ತಾ? ಪಕ್ಕದ ರಾಜ್ಯಗಳಲ್ಲಿ ನಮಗಿಂತ ಜಾಸ್ತಿ ಇದೆ! ಸರಿ, ಇನ್ಮೇಲೆ ಬಾಡಿಗೆ ಕಟ್ಟೋಕೆ ದುಡ್ಡಿಲ್ಲದಾಗ ಪಕ್ಕದ ಮನೆಯವರ ಸಾಲ ಎಷ್ಟಿದೆ ಅಂತ ಓನರ್‌ಗೆ ತೋರಿಸ್ತೀವಿ.

ದೆಹಲಿಯವರದ್ದು ಬೇರೆ ರಾಗ. ಬೆಲೆ ನಮ್ಮ ಕೈಲಿಲ್ಲ, ಮಾರುಕಟ್ಟೆಯ ಕೈಲಿದೆ ಅಂತಾರೆ. 2017ರ ಜೂನ್‌ನಿಂದ ದರ ದಿನಾ ಬೆಳಿಗ್ಗೆ ಆರಕ್ಕೆ ಬದಲಾಗುತ್ತೆ ಅಂತ ನಿಯಮವೂ ಆಯ್ತು. ಆದರೆ ಈ ಮಾರುಕಟ್ಟೆಗೆ ಮತಗಟ್ಟೆ ಕಂಡರೆ ಅದೇನು ಭಯವೋ! 2018ರಲ್ಲಿ ನಮ್ಮ ವಿಧಾನಸಭೆ ಚುನಾವಣೆ ಬಂತು. ಅದು ಮುಗಿಯುವ ತನಕ 19 ದಿನ ದರ ಅಲ್ಲಾಡಲಿಲ್ಲ. ಮೇ 12ಕ್ಕೆ ಮತದಾನ, ಮೇ 14ರಿಂದ ಏರಿಕೆ, ಅದೂ ಒಂದೇ ಸಮನೆ 16 ದಿನ. ಕೊನೆಗೆ ಮೇ 30ಕ್ಕೆ ಇಳಿಸಿದರು. ಬೆಳಿಗ್ಗೆ 60 ಪೈಸೆ ಇಳಿಕೆ ಅಂದರು, ಆಮೇಲೆ ಲೆಕ್ಕ ತಪ್ಪಾಗಿತ್ತು ಅಂತ ತಿದ್ದಿದರು. ಇಳಿದಿದ್ದು ಒಂದು ಪೈಸೆ. ಅಷ್ಟೊತ್ತಿಗೆ ನಾಲ್ಕಾಣೆಯೇ ಚಲಾವಣೆಯಿಂದ ಹೋಗಿ ಹತ್ತಿರತ್ತಿರ ಏಳು ವರ್ಷ ಆಗಿತ್ತು.

2022ರಲ್ಲಿ ಇನ್ನೂ ಚೆಂದ. ರಷ್ಯಾ ಉಕ್ರೇನ್ ಮೇಲೆ ಯುದ್ಧಕ್ಕೆ ಹೋಯ್ತು, ಕಚ್ಚಾ ತೈಲ ನೂರು ಡಾಲರ್ ದಾಟಿತು. ನಮ್ಮ ಬಂಕಿನ ಬೋರ್ಡು ಮಾತ್ರ ಧ್ಯಾನಕ್ಕೆ ಕೂತಿತ್ತು. ಉತ್ತರ ಪ್ರದೇಶದ ಫಲಿತಾಂಶ ಬಂದ ಮೇಲೆಯೇ ಅದಕ್ಕೆ ಎಚ್ಚರ. ಮಾರ್ಚ್ 22ರಿಂದ 80 ಪೈಸೆ, 80 ಪೈಸೆ ಅಂತ ಹತ್ತಿ, ಹದಿನಾರೇ ದಿನದಲ್ಲಿ ಹತ್ತು ರೂಪಾಯಿ. ಹೋಗಲಿ, ತೈಲ ಅಗ್ಗವಾದಾಗ ಇಳಿಸಿದ್ರಾ? 2020ರಲ್ಲಿ ಕೊರೊನಾದಿಂದ ಅದರ ಬೆಲೆ ಪಾತಾಳಕ್ಕಿಳಿದಾಗ ಪೆಟ್ರೋಲ್ ಮೇಲೆ 10, ಡೀಸೆಲ್ ಮೇಲೆ 13 ರೂಪಾಯಿ ಅಬಕಾರಿ ಸುಂಕ ಏರಿಸಿದರು.

ಹಾಗಾಗಿ ತಿಂಗಳಿಗೊಂದು ಚುನಾವಣೆ ಕೊಡಿ ಅಂತ ಕೇಳೋಣ ಅನ್ಸುತ್ತೆ. ಪಂಚಾಯಿತಿಯದ್ದಾದರೂ ಪರವಾಗಿಲ್ಲ.

ಈ ಹಗ್ಗಜಗ್ಗಾಟದಲ್ಲಿ ಊಟದ ಪಾರ್ಸೆಲ್ ತರುವ ಹುಡುಗನ ಸ್ಥಿತಿ ನೋಡಿ. ಬೈಕು ಅವನದ್ದು, ಪೆಟ್ರೋಲು ಅವನದ್ದು, ಆರ್ಡರಿಗೆ ಎಷ್ಟು ಅನ್ನೋದು ಮಾತ್ರ ಕಂಪನಿಯದ್ದು. ಅವನು ಯಾವ ಎತ್ತಿನ ಗಾಡಿ ಹತ್ತಬೇಕು? ಹತ್ತಿದರೆ ಬಿರಿಯಾನಿ ನಾಳೆ ಸಿಗುತ್ತೆ. ಕೋಲಾರದ ಟೊಮೇಟೊ ಬೆಂಗಳೂರಿಗೆ ಬರೋದೂ ಡೀಸೆಲ್ಲಿನ ಮೇಲೆಯೇ. "ಡೀಸೆಲ್ ಜಾಸ್ತಿ ಆಯ್ತಲ್ವಾ ಅಕ್ಕಾ" ಅಂತ ಸೊಪ್ಪಿನವರೂ ಎರಡು ರೂಪಾಯಿ ಸೇರಿಸ್ತಾರೆ, ಸ್ಕೂಲ್ ವ್ಯಾನಿನವರೂ ನೂರು ಸೇರಿಸ್ತಾರೆ. ಅವರದ್ದೂ ತಪ್ಪಿಲ್ಲ ಬಿಡಿ. ಆದರೆ 2024ರ ಮಾರ್ಚ್‌ನಲ್ಲಿ, ಮತ್ತೆ ಚುನಾವಣೆಯ ಹೊಸ್ತಿಲಲ್ಲೇ, ಲೀಟರಿಗೆ ಎರಡು ರೂಪಾಯಿ ಇಳಿಯಿತಲ್ಲ, ಆಗ ಯಾವ ವ್ಯಾನಿನವರೂ ಫೀಸು ವಾಪಸ್ ಕೊಟ್ಟಿದ್ದು ಕೇಳಿಲ್ಲ. 2025ರ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರವೂ ಶೇ 15 ಏರಿತು. ಹೆಂಡತಿಗೆ ಟಿಕೆಟ್ ಫ್ರೀ, ಗಂಡನಿಗೆ ಜಾಸ್ತಿ. ದುಡ್ಡು ಹೋಗೋದು ಒಂದೇ ಡಬ್ಬಿಯಿಂದ.

ಸರಿ, ಗಾಡಿ ವಿಷಯಕ್ಕೆ ಬರೋಣ. ಎತ್ತಿಗೆ ಹಿಂಡಿ, ಬೂಸಾ ಬೇಕು, ಗಾಡಿಗೆ ಕೀಲೆಣ್ಣೆ ಬೇಕು. ಆ ಖರ್ಚಿಗೆ ಪೆಟ್ರೋಲ್ ಮೇಲೊಂದು ಎತ್ತಿನ ಗಾಡಿ ಸೆಸ್ ಹಾಕಿಬಿಡಿ. ಲೀಟರಿಗೆ ಒಂದೇ ಪೈಸೆ ಸಾಕು. ಒಂದು ಪೈಸೆ ಈಗ ಚಲಾವಣೆಯಲ್ಲಿ ಇಲ್ಲ ಅಂತೀರಾ? ಹಾಗಾದರೆ ಒಂದು ರೂಪಾಯಿಗೆ ರೌಂಡ್ ಮಾಡ್ಕೊಳ್ಳಿ.