ಗುಡ್ಡ ಹತ್ತಿ ಕೇಳಿದ ಮೀಟಿಂಗ್

ಕೊರೋನಾ ಕಾಲದಲ್ಲಿ ವಿಶ್ವವಿದ್ಯಾಲಯಗಳು ಹಳೆಯ ವಿದ್ಯಾರ್ಥಿಗಳನ್ನೂ ದಾನಿಗಳನ್ನೂ ಆನ್‌ಲೈನ್‌ನಲ್ಲಿ ಸೇರಿಸಿದ್ದರ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಮಲೆನಾಡಿನ ಕಡೆಯ ಒಂದು ಮಾತು ಬಿಟ್ಟುಹೋಗಿದೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ನಾನು ಹೊಸನಗರದ ಹತ್ತಿರ ಅಪ್ಪನ ಮನೆಯಲ್ಲಿದ್ದೆ. ಜೂನ್‌ನಲ್ಲಿ ನಾನು ಓದಿದ ಕಾಲೇಜಿನವರು ಜೂಮ್‌ನಲ್ಲಿ ಮೀಟಿಂಗ್ ಕರೆದರು. ಮನೆಯಲ್ಲಿ ಸಿಗ್ನಲ್ ಇಲ್ಲ. ಕೊಡೆ ಹಿಡಿದು ಗುಡ್ಡ ಹತ್ತಿದೆ. ಅಲ್ಲಿ ನಮ್ಮೂರಿನ ಇಬ್ಬರು ಮಕ್ಕಳು ಆನ್‌ಲೈನ್ ಕ್ಲಾಸ್ ಕೇಳುತ್ತಾ ನಿಂತಿದ್ದರು, ಮಳೆಯಲ್ಲೇ! ವಿಡಿಯೋ ಆಫ್ ಮಾಡಿದ ಮೇಲೆ ನಮ್ಮ ಕಾಲೇಜಿನ ಮೇಷ್ಟ್ರ ದನಿ ಕೇಳಿಸಿತು. ಅವರು ಒಬ್ಬೊಬ್ಬರ ಹೆಸರು ಹಿಡಿದು "ಮನೇಲಿ ಎಲ್ಲ ಹುಷಾರಾ?" ಅಂತ ಕೇಳಿದರು. ಕಣ್ಣು ತುಂಬಿ ಬಂತು. ಅವತ್ತು ಯಾರೂ ದುಡ್ಡಿನ ಮಾತು ಎತ್ತಲಿಲ್ಲ. ಅದಕ್ಕೇ ಮುಂದಿನ ತಿಂಗಳು ಕಾಲೇಜಿನವರು ಅಲ್ಲಿನ ಮಕ್ಕಳ ಫೀಸಿಗೆ ಅಂತ ದುಡ್ಡು ಕೇಳಿದಾಗ ಕೊಡೋಕೆ ಮನಸ್ಸು ಬಂತು, ಅಲ್ವಾ?

ಇಂಥ ಕಾರ್ಯಕ್ರಮ ಮಾಡುವವರು ವಿಡಿಯೋ ಜೊತೆಗೆ ಸುಮ್ನೆ ಫೋನ್ ಮಾಡಿ ಸೇರುವ ನಂಬರನ್ನೂ ಕೊಡಲಿ. ಮಾತಿನ ರೆಕಾರ್ಡಿಂಗನ್ನು ವಾಟ್ಸಾಪ್‌ಗೆ ಹಾಕಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ. ದಾನದ ರಸೀದಿ ಬಗ್ಗೆಯೂ ಮೊದಲೇ ಹೇಳಲಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನದ ಮೇಲಿನ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಇದು ನಮ್ಮ ಕಡೆ ಎಷ್ಟೋ ಜನರಿಗೆ ಗೊತ್ತಿಲ್ಲ.

ಅವತ್ತು ಗುಡ್ಡದ ಮೇಲಿದ್ದ ಆ ಇಬ್ಬರು ಮಕ್ಕಳಲ್ಲಿ ಒಬ್ಬಳು ಈಗ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ.